ಮಹಾರಾಣಿ ಸೇತು ಲಕ್ಷ್ಮೀಬಾಯಿ

ಕನ್ನಡ ನಾಡು ಒಂದುಗೂಡಿದ 1956ರ ನವೆಂಬರ್ 1ರಂದೇ ಕೇರಳ ರಾಜ್ಯವೂ ಉದಯವಾಯಿತು. ಒಂದೇ ದಿನ ಹಬ್ಬವನ್ನಾಚರಿಸುವ ಈ ಎರಡು ನೆರೆನಾಡುಗಳಿಗೂ ಸಂಬಂಧಪಟ್ಟ ಹಿರಿಯ ಮಹಿಳೆಯೊಬ್ಬರನ್ನು ಈ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ತಿರುವನಂತಪುರದಲ್ಲಿ ಆಳಿ, ಬೆಂಗಳೂರಿನಲ್ಲಿ ಕಣ್ಮುಚ್ಚಿದ ಮಹಾರಾಣಿ ಸೇತು ಲಕ್ಷ್ಮೀಬಾಯಿಯವರೇ ಅವರು.

ಚಿತ್ರಕಾರ ರಾಜಾ ರವಿವರ್ಮರ ಮೊಮ್ಮಗಳಾಗಿ 1895ರ ನವೆಂಬರ್ 9ರಂದು ಅವರು ಜನಿಸಿದರು. ತುಳುನಾಡಿನ ಅಳಿಯಕಟ್ಟಿನಂತೆ ತಿರುವಾಂಕೂರಿನ ರಾಜಮನೆತನವೂ ಹೆಣ್ಣಿನ ಮೂಲಕವೇ ಮುಂದುವರಿಯಬೇಕು. ಅದಕ್ಕಾಗಿ 1900ರಲ್ಲಿ ಐದು ವರ್ಷವೂ ತುಂಬದ ಈ ಬಾಲಿಕೆಯನ್ನು ದತ್ತು ತೆಗೆದುಕೊಂಡರು. 1924ರಲ್ಲಿ ಶ್ರೀಮೂಲಂ ತಿರುನಾಳ್ ಮಹಾರಾಜರು ಕಾಲವಾದಾಗ ಉತ್ತರಾಧಿಕಾರಿಗೆ ಹನ್ನೆರಡು ತುಂಬಿರಲಿಲ್ಲ. ರಾಜ್ಯಭಾರ ಮಹಾರಾಣಿಯವರಿಗೆ ಬಂದಿತು. ಇಂಗ್ಲೆಂಡಿನ ಪ್ರಭುಸಭೆಯಲ್ಲಿ ಸ್ತ್ರೀಯರಿಗೆ ಸ್ಥಾನ ದೊರೆತದ್ದು 1958ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು.

ಆಗ ವೈಕಂ ಸತ್ಯಾಗ್ರಹದ ಕಾಲ. ದೇವಾಲಯದ ಸುತ್ತಣ ಬೀದಿಗಳಲ್ಲಿ ಅವರ್ಣೀಯರು ನಡೆಯಬಾರದೆಂಬ ಕಟ್ಟಳೆಯ ವಿರುದ್ಧ ಜನ ಎದ್ದಿದ್ದರು. ಬೀದಿಗಳನ್ನು ತೆರೆಯಬೇಕೆಂಬ ನಿರ್ಣಯ 1925ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ಒಂದೇ ಮತದಿಂದ ಬಿದ್ದುಹೋಯಿತು. ಮಾರ್ಚಿಯಲ್ಲಿ ಗಾಂಧೀಜಿ ವರ್ಕಲಕ್ಕೆ ಬಂದು ಮಹಾರಾಣಿಯವರನ್ನು ಕಂಡರು. ವರ್ಷಾಂತ್ಯದೊಳಗೆ ಮೂರು ದಿಕ್ಕಿನ ಬೀದಿಗಳು ಎಲ್ಲರಿಗೂ ತೆರೆದವು. ಮೂಡಣ ಬೀದಿ ಮಾತ್ರ ತೆರೆಯಲಿಲ್ಲ. ದೇವಾಲಯದ ಬಾಗಿಲೇ ತೆರೆಯಲು 1936ರವರೆಗೆ ಕಾಯಬೇಕಾಯಿತು. ರಾಜಾಜ್ಞೆಯೊಂದರಿಂದ ಅವರು ಎಲ್ಲವನ್ನೂ ತೆರೆಯಬಹುದಿತ್ತಲ್ಲವೆ ಎಂದು ಕೇಳುವವರಿಗೆ ನಾವು ಅಡ್ಡಿಯಾಡಲಾರೆವು. ಆದರೆ ಹಳೆಯ ಕೋಟೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಅವರ ಕಾಲದಲ್ಲೇ ಎಂಬುದನ್ನೂ ಮರೆಯಲಾಗದು.

ಸ್ತ್ರೀಯರ ವಿಷಯದಲ್ಲಿ ಅವರು ಹಿಂದೆಮುಂದೆ ನೋಡಲಿಲ್ಲ. 1924ರಲ್ಲೇ ಡಾಕ್ಟರ್ ಮೇರಿ ಪುನ್ನನ್ ಲೂಕೋಸ್ ಅವರನ್ನು ಶಾಸನಸಭೆಗೆ ನಾಮಕರಣ ಮಾಡಿದರು. ತಾಯಿವಂಶದ ಹಕ್ಕಿನಿಂದಲೇ ಅಧಿಕಾರ ಪಡೆದವರಾದರೂ, ನಾಯರ್ ತರವಾಡುಗಳ ಆಸ್ತಿ ಹಂಚಿಕೆಗೆ ದಾರಿಮಾಡಿದ 1925ರ ಕಾಯಿದೆಗೆ ಸಮ್ಮತಿಯಿತ್ತರು. ದೇವಾಲಯಗಳಲ್ಲಿ ಪ್ರಾಣಿಬಲಿಯನ್ನೂ ದೇವದಾಸಿ ಪದ್ಧತಿಯನ್ನೂ ನಿಲ್ಲಿಸಿದರು. ಕೊಚ್ಚಿಯ ಹೊಸ ಬಂದರಿನ ವಿಷಯದಲ್ಲಿ ಕೊಚ್ಚಿ, ಮದರಾಸು ಸರ್ಕಾರಗಳೊಡನೆ ತಿರುವಾಂಕೂರು ಕೈಗೂಡಿಸಿದ್ದೂ ಇದೇ ಅವಧಿಯಲ್ಲಿ. 1928ರ ಮೇ 26ರಂದು ‘ಪದ್ಮಾ’ ಹಡಗು ಆ ಒಳಬಂದರನ್ನು ಪ್ರವೇಶಿಸಿತು.

1931ರ ನವೆಂಬರ್ 6ರಂದು ಅಧಿಕಾರವನ್ನು ಯುವಕ ಮಹಾರಾಜ ಚಿತ್ತಿರ ತಿರುನಾಳರಿಗೆ ಒಪ್ಪಿಸಿ, ಅವರು ಹಿಂದೆ ಸರಿದರು. 1949ರಲ್ಲಿ ತಿರುವಾಂಕೂರು-ಕೊಚ್ಚಿಗಳು ಒಂದಾದವು. ಐವತ್ತರ ದಶಕದ ಕೊನೆಗೆ ತಿರುವನಂತಪುರದ ಅರಮನೆಯನ್ನು ಬಿಟ್ಟು ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಪೂಜಪ್ಪುರದ ಅವರ ಅರಮನೆಯಲ್ಲಿ ಮುಂದೆ ಶ್ರೀ ಚಿತ್ತಿರ ತಿರುನಾಳ್ ವೈದ್ಯಸಂಸ್ಥೆಯ ಸಂಶೋಧನ ವಿಭಾಗ ನೆಲೆಗೊಂಡಿತು. ಸಿಂಹಾಸನದ ಹಂಗಿಲ್ಲದೆ ಬೆಂಗಳೂರಿನ ಒಬ್ಬ ನಿವಾಸಿಯಾಗಿಯೇ ಬಾಳಿ, 1985ರ ಫೆಬ್ರವರಿ 22ರಂದು ಅಲ್ಲಿಯೇ ದೈವಾಧೀನರಾದರು.

ಪಡೆದ ಅಧಿಕಾರವನ್ನು ಅವಧಿ ಮುಗಿದೊಡನೆ ಹಿಂದಿರುಗಿಸಬೇಕಾದ ನ್ಯಾಸವೆಂದು ನಡೆಸಿದವರು ವಿರಳ. ಹೊರನಾಡಿನಲ್ಲಿರುವ ನಾವು ಕೇರಳದ ಅನ್ನವುಂಡು ಬಾಳುವಂತೆ, ಕೇರಳದ ಈ ಮಹಾರಾಣಿಗೆ ನಮ್ಮ ನಾಡು ಕೊನೆಯ ಆಸರೆಯಾಯಿತೆಂಬುದು ನಮಗೆ ಸಮಾಧಾನದ ಸಂಗತಿ. ಆ ಹಿರಿಯ ಚೇತನಕ್ಕೆ ನಮ್ಮ ನಮನಗಳು.