ಪ್ರೋಟೀನಿಗೂ ಒಂದು ಸ್ವಿಚ್: ಜಾಕ್ ಮೊನೊ ಬಿಡಿಸಿದ ಒಗಟು

ಪ್ರೋಟೀನ್ ಎಂದ ಕೂಡಲೇ ನಮಗೆ ನೆನಪಾಗುವುದು ಬೇಳೆ, ಮೊಟ್ಟೆ, ಜಿಮ್‌ಗೆ ಹೋಗುವವರು ಹಾಲಿಗೆ ಬೆರೆಸಿ ಕುಡಿಯುವ ಪುಡಿ. ಪ್ರೋಟೀನ್ ಇರುವುದೇ ಮೈಕಟ್ಟು ಬೆಳೆಸಲು ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ ಮಾತ್ರ. ಸಕ್ಕರೆಯನ್ನು ಒಡೆಯುವುದು, ಆಮ್ಲಜನಕವನ್ನು ಹೊರುವುದು, ಬೇಕಾದ ಜೀನ್‌ಗಳನ್ನು ಚಾಲೂ ಮಾಡುವುದು, ಇವೆಲ್ಲ ಪ್ರೋಟೀನ್‌ಗಳದೇ ಕೆಲಸ. ಹಾಗಾದರೆ, ಇಷ್ಟು ಸಾಕು, ಇನ್ನು ನಿಲ್ಲಿಸು ಎಂದು ಅವುಗಳಿಗೆ ಹೇಳುವವರು ಯಾರು? ಈ ಪ್ರಶ್ನೆಗೆ ದೊಡ್ಡ ಉತ್ತರ ಕೊಟ್ಟವರು ಫ್ರಾನ್ಸಿನ ವಿಜ್ಞಾನಿ ಜಾಕ್ ಮೊನೊ.

ಮೊನೊ ಹುಟ್ಟಿದ್ದು 1910ರ ಫೆಬ್ರವರಿ 9ರಂದು, ಪ್ಯಾರಿಸ್‌ನಲ್ಲಿ. ತಂದೆ ಚಿತ್ರಕಾರ, ತಾಯಿ ಅಮೆರಿಕದವರು. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಒಂದು ಕಾಲು ಸೊರಗಿತು. ಆದರೂ ಬಂಡೆ ಹತ್ತುವುದು, ದೋಣಿ ನಡೆಸುವುದು ಅವರಿಗೆ ಪ್ರಿಯವಾಗಿತ್ತು. ಚೆಲ್ಲೊ ವಾದ್ಯವನ್ನೂ ಚೆನ್ನಾಗಿ ನುಡಿಸುತ್ತಿದ್ದರು.

1941ರಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಬ್ಯಾಕ್ಟೀರಿಯಾ ಬೆಳವಣಿಗೆಯ ಅಧ್ಯಯನಕ್ಕೆ. ಎರಡು ಬಗೆಯ ಸಕ್ಕರೆ ಒಟ್ಟಿಗೆ ಕೊಟ್ಟಾಗ ಬ್ಯಾಕ್ಟೀರಿಯಾಗಳು ಎರಡನ್ನೂ ಒಮ್ಮೆಗೇ ತಿನ್ನುತ್ತಿರಲಿಲ್ಲ. ಮೊದಲು ಗ್ಲೂಕೋಸ್ ಮುಗಿಸುತ್ತಿದ್ದವು. ಆಮೇಲೆ ಬೆಳವಣಿಗೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅನಂತರವೇ ಲ್ಯಾಕ್ಟೋಸ್‌ನಂಥ ಇನ್ನೊಂದು ಸಕ್ಕರೆಗೆ ಬಾಯಿ ಹಾಕುತ್ತಿದ್ದವು. ಆ ಸಣ್ಣ ವಿರಾಮದಲ್ಲಿ ಏನು ನಡೆಯುತ್ತದೆ ಎಂಬ ಕುತೂಹಲ ಮೊನೊ ಅವರನ್ನು ಇಪ್ಪತ್ತು ವರ್ಷ ಹಿಡಿದಿಟ್ಟಿತು.

ಆಗ ಪ್ಯಾರಿಸ್ ನಾಜಿಗಳ ವಶದಲ್ಲಿತ್ತು. ಮೊನೊ ಪ್ರಯೋಗಾಲಯದ ಕೆಲಸದ ಜೊತೆಗೇ ಗುಪ್ತ ಪ್ರತಿರೋಧ ಪಡೆಯಲ್ಲಿ ದುಡಿದರು. ಅವರ ಪ್ರಯೋಗಾಲಯದ ಬಳಿ ಒಂದು ಜಿರಾಫೆಯ ಅಸ್ಥಿಪಂಜರವಿತ್ತು. ಅದರ ಟೊಳ್ಳು ಕಾಲುಮೂಳೆಯೊಳಗೆ ರಹಸ್ಯ ಕಾಗದಗಳನ್ನು ಅಡಗಿಸಿಡುತ್ತಿದ್ದರಂತೆ. ಸಿಕ್ಕಿಬಿದ್ದಿದ್ದರೆ ಚಿತ್ರಹಿಂಸೆ, ಸಾವು ಖಚಿತವಾಗಿತ್ತು. ಪಡೆಯ ಜೊತೆಗಾರರಲ್ಲಿ ಕೆಲವರಿಗೆ ಆ ಗತಿ ಬಂದೂ ಇತ್ತು. ಯುದ್ಧ ಮುಗಿದ ಮೇಲೆ ಮೊನೊ ಪಾಸ್ಚರ್ ಸಂಸ್ಥೆ ಸೇರಿದರು.

ಅಲ್ಲಿ ಫ್ರಾಂಸ್ವಾ ಜಾಕೋಬ್ ಜೊತೆಗೂಡಿ 1961ರಲ್ಲಿ ಆ ವಿರಾಮದ ಹಿಂದಿರುವ ಏರ್ಪಾಟನ್ನು ವಿವರಿಸಿದರು. ಲ್ಯಾಕ್ಟೋಸ್ ಒಡೆಯುವ ಕಿಣ್ವದ ಜೀನ್ ಮೇಲೆ ತಡೆ ಒಡ್ಡುವ ಒಂದು ಅಣು ಕೂತಿರುತ್ತದೆ. ಲ್ಯಾಕ್ಟೋಸ್ ಬಂದಾಗ ಆ ತಡೆ ಸಡಿಲಗೊಂಡು ಜೀನ್ ಕೆಲಸ ಶುರುಮಾಡುತ್ತದೆ. ಆ ತಡೆಯಣು ಒಂದು ಪ್ರೋಟೀನ್ ಎಂದು ಖಚಿತವಾದದ್ದು 1966ರಲ್ಲಿ, ಬೇರೆ ವಿಜ್ಞಾನಿಗಳಿಂದ.

ಇನ್ನೊಂದು ಒಗಟು ಉಳಿದಿತ್ತು. ಬ್ಯಾಕ್ಟೀರಿಯಾ ಥ್ರಿಯೋನಿನ್ ಎಂಬ ಅಣುವಿನಿಂದ ಹಲವು ಹಂತಗಳಲ್ಲಿ ಐಸೊಲ್ಯೂಸಿನ್ ತಯಾರಿಸುತ್ತದೆ. ಐಸೊಲ್ಯೂಸಿನ್ ಸಾಕಷ್ಟಾದಾಗ ಅದೇ ಹೋಗಿ ಮೊದಲ ಹಂತದ ಕಿಣ್ವವನ್ನು ನಿಲ್ಲಿಸುತ್ತದೆ. ಹೇಗೆ? ಕಿಣ್ವ ಒಂದು ಬೀಗ, ಅದಕ್ಕೆ ಹೊಂದುವ ಅಣು ಕೀಲಿ ಎಂಬುದು ಹಳೆಯ ತಿಳಿವಳಿಕೆ. ತಪ್ಪು ಕೀಲಿ ಬೀಗದಲ್ಲಿ ಸಿಕ್ಕಿಕೊಂಡರೆ ಸರಿಯಾದ ಕೀಲಿ ಹೋಗದು. ಆದರೆ ಮೊನೊ ಅವರ ಶಿಷ್ಯ ಜಾನ್-ಪಿಯರ್ ಶಾಂಜೊ ಆ ಕಿಣ್ವಕ್ಕೆ ಒಂದು ಸಂಸ್ಕರಣೆ ಮಾಡಿದಾಗ ವಿಚಿತ್ರ ಕಂಡಿತು. ಕಿಣ್ವ ಎಂದಿನಂತೆ ಕೆಲಸ ಮಾಡುತ್ತಿತ್ತು, ಆದರೆ ಐಸೊಲ್ಯೂಸಿನ್ ಮಾತು ಕೇಳುತ್ತಿರಲಿಲ್ಲ! ಅಂದರೆ ಕೆಲಸದ ಜಾಗ ಬೇರೆ, ಅಪ್ಪಣೆ ಬರುವ ಜಾಗ ಬೇರೆ.

ನಮ್ಮೂರಿನ ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಕಾಳು ಸುರಿಯುವ ಬಾಯಿ ಒಂದು ಕಡೆ, ಸ್ವಿಚ್ ಗೋಡೆಯ ಮೇಲೆ. ಗಿರಣಿ ನಿಲ್ಲಿಸಲು ಅದರ ಬಾಯಿಗೆ ಕಲ್ಲು ತುರುಕಬೇಕಿಲ್ಲ. ಪ್ರೋಟೀನಿನಲ್ಲೂ ಹಾಗೆಯೇ. ದೂರದ ಜಾಗದಲ್ಲಿ ಒಂದು ಅಣು ಬಂದು ಕೂತರೆ ಪ್ರೋಟೀನಿನ ಆಕಾರ ಕೊಂಚ ಬದಲಾಗಿ ಕೆಲಸದ ಜಾಗ ಚುರುಕಾಗುತ್ತದೆ ಅಥವಾ ಮಂಕಾಗುತ್ತದೆ. ಇದಕ್ಕೆ ಅಲೋಸ್ಟೆರಿ ಎಂದು ಹೆಸರು. ಅಪ್ಪಣೆ ಕೊಡುವ ಅಣು ನೋಡಲು ಕಚ್ಚಾವಸ್ತುವಿನಂತೆ ಇರಬೇಕಿಲ್ಲ ಎಂಬುದೇ ಇಲ್ಲಿಯ ದೊಡ್ಡ ಸಂಗತಿ. ಜೀವಕೋಶದ ಒಂದು ಮೂಲೆಯ ಸುದ್ದಿ, ಅದಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಕೆಲಸವನ್ನೂ ಹೀಗೆ ನಿಯಂತ್ರಿಸಬಲ್ಲದು. ಜೀವದ ಎರಡನೇ ಗುಟ್ಟನ್ನು ಕಂಡುಕೊಂಡೆನೆಂದು ಮೊನೊ ಹಿಗ್ಗಿದ್ದು ಇದಕ್ಕೇ.

1965ರಲ್ಲಿ ಮೊನೊ, ಜೆಫ್ರೀಸ್ ವೈಮನ್ ಮತ್ತು ಶಾಂಜೊ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟರು. ನಮ್ಮ ರಕ್ತದ ಹಿಮೋಗ್ಲೋಬಿನ್ ಅದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ನಾಲ್ಕು ಭಾಗಗಳಿವೆ. ಒಂದಕ್ಕೆ ಆಮ್ಲಜನಕ ಅಂಟಿದರೆ ಉಳಿದವಕ್ಕೆ ಅಂಟುವುದು ಸುಲಭ. ಆದ್ದರಿಂದಲೇ ಅದು ಶ್ವಾಸಕೋಶದಲ್ಲಿ ಬೇಗ ತುಂಬಿಕೊಂಡು, ಸ್ನಾಯುಗಳಲ್ಲಿ ಧಾರಾಳವಾಗಿ ಬಿಟ್ಟುಕೊಡುತ್ತದೆ. ಮರುವರ್ಷವೇ ಡೇನಿಯಲ್ ಕೋಶ್‌ಲ್ಯಾಂಡ್ ಮತ್ತು ಸಂಗಡಿಗರು ಬೇರೊಂದು ವಿವರಣೆ ಮುಂದಿಟ್ಟರು. ಕೆಲವು ಪ್ರೋಟೀನ್‌ಗಳಿಗೆ ಅದೇ ಚೆನ್ನಾಗಿ ಹೊಂದುತ್ತದೆ.

1965ರಲ್ಲೇ ಮೊನೊ, ಜಾಕೋಬ್ ಮತ್ತು ಆಂದ್ರೆ ಲ್ವಾಫ್ ಅವರಿಗೆ ನೊಬೆಲ್ ಬಂತು. 1971ರಲ್ಲಿ ಮೊನೊ ಪಾಸ್ಚರ್ ಸಂಸ್ಥೆಯ ನಿರ್ದೇಶಕರಾದರು. 1976ರ ಮೇ 31ರಂದು, 66ನೇ ವಯಸ್ಸಿನಲ್ಲಿ, ಕಾನ್ ನಗರದಲ್ಲಿ ತೀರಿಕೊಂಡರು.

ಅವರು ತೋರಿಸಿದ ದಾರಿ ಇಂದು ಔಷಧ ತಯಾರಿಕೆಯಲ್ಲೂ ಇದೆ. ವೈದ್ಯರು ತಳಮಳಕ್ಕೆ, ಅಪಸ್ಮಾರಕ್ಕೆ ಕೊಡುವ ಡಯಾಜೆಪಾಮ್ ಮೆದುಳಿನ ಒಂದು ಪ್ರೋಟೀನಿಗೆ ಅಂಟುತ್ತದೆ. ಗಾಬಾ ಎಂಬ ಸಹಜ ರಾಸಾಯನಿಕ ಕೂರುವ ಜಾಗವನ್ನು ಅದು ಕಿತ್ತುಕೊಳ್ಳುವುದಿಲ್ಲ. ಪಕ್ಕದ ಬೇರೊಂದು ಜಾಗದಲ್ಲಿ ಕೂತು ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ. ಬ್ಯಾಕ್ಟೀರಿಯಾ ಊಟದ ನಡುವೆ ಯಾಕೆ ತಡೆದು ನಿಲ್ಲುತ್ತದೆ ಎಂದು ಕೇಳಿದ ಪ್ರಶ್ನೆ ನಮ್ಮನ್ನು ಇಲ್ಲಿಯವರೆಗೆ ತಂದಿದೆ.