ತುನ್ ಸಂಬಂಧನ್: ಕೂಲಿಗಾರನಿಗೆ ಒಡೆತನ ಕೊಟ್ಟ ಮಂತ್ರಿ

ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೋಗಿ ಅಲ್ಲಿಯೇ ನೆಲಸಿದ ಜನಕ್ಕೆ ಮುಂದಾಳಾಗುವುದು ಸುಲಭದ ಕೆಲಸವಲ್ಲ. ಬಹುಸಂಖ್ಯಾತರೊಡನೆ ಕಾದಾಡಿದರೆ ಆ ಬಡಜನ ಇದ್ದ ಕೂಳನ್ನೂ ಕಳೆದುಕೊಳ್ಳುವ ಭಯ. ಹೊಂದಿಕೊಂಡು ನಡೆದರೆ ತನ್ನವರಿಂದಲೇ ಹೇಡಿಯೆನ್ನಿಸಿಕೊಳ್ಳುವ ಅಪವಾದ. ಇಂತಹ ಇಕ್ಕಟ್ಟಿನಲ್ಲಿ ಹದಿನೆಂಟು ವರ್ಷಗಳ ಪರಿಯಂತ ನಿಂತು, ಎರಡನೆಯ ದಾರಿಯನ್ನೇ ಹಿಡಿದು, ಅದರ ಅಪವಾದವನ್ನೂ ಹೊತ್ತು, ಕೊನೆಗೆ ಬಡವರ ಕೈಯಲ್ಲಿ ಒಂದು ಶಾಶ್ವತವಾದ ಸ್ವತ್ತನ್ನು ಉಳಿಸಿಹೋದವರು ಮಲೇಶಿಯಾ ದೇಶದ ತುನ್ ವಿ. ಟಿ. ಸಂಬಂಧನ್ ಅವರು. ಅವರು ಕಾಲವಾಗಿ ದಶಕಗಳು ಕಳೆದಿವೆ. ಆದರೂ ಅವರ ಜೀವನವು ಎತ್ತುವ ಪ್ರಶ್ನೆ ಹಳತಾಗಿಲ್ಲವಾದುದರಿಂದ ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ಆ ಜನದ ಸ್ಥಿತಿಯನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮಲಯದ ಕಾಡುಗಳನ್ನು ಕಡಿದು ಆಂಗ್ಲ ಕಂಪೆನಿಗಳು ರಬ್ಬರ್ ತೋಟಗಳನ್ನು ಎಬ್ಬಿಸಿದುವು. ಮರಕ್ಕೆ ಗೀರು ಹಾಕಿ ಹಾಲು ತೆಗೆಯುವ ಕೆಲಸಕ್ಕೆ ದಕ್ಷಿಣ ಹಿಂದೂಸ್ಥಾನದಿಂದ, ಅದರಲ್ಲಿಯೂ ತಮಿಳು ಸೀಮೆಯಿಂದ, ಕೂಲಿಗಳನ್ನು ತರಿಸಲಾಯಿತು. ಕಂಗಾಣಿಯೆಂಬ ಮೇಸ್ತ್ರಿ ತನ್ನ ಊರಿಗೆ ಹೋಗಿ ಜನ ಕೂಡಿಸಿ ಹಡಗು ಹತ್ತಿಸುವನು. ತೋಟದೊಳಗೇ ಸಾಲುಮನೆ, ಅಲ್ಲಿಯೇ ಅಮ್ಮನ ಗುಡಿ, ಅಲ್ಲಿಯೇ ಒಂದು ಚಿಕ್ಕ ತಮಿಳು ಶಾಲೆ, ಅಲ್ಲಿಯೇ ಹೆಂಡದಂಗಡಿ. ಹುಟ್ಟಿನಿಂದ ಸಾವಿನವರೆಗೆ ತೋಟವೇ ಪ್ರಪಂಚ. ಆದರೆ ಆ ಪ್ರಪಂಚದಲ್ಲಿ ಒಂದಂಗುಲ ನೆಲವೂ ಅವನದಲ್ಲ. ಕೆಲಸ ಹೋದ ದಿನವೇ ಮನೆಯೂ ಹೋಗುವುದು. 1938ರಲ್ಲಿ ಹಿಂದೂಸ್ಥಾನ ಸರಕಾರವು ಕೂಲಿಗಳ ರವಾನೆಯನ್ನು ತಡೆಯಿತು. ಆ ವೇಳೆಗೆ ಹೋದವರಲ್ಲಿ ಅನೇಕರು ಅಲ್ಲಿಯವರೇ ಆಗಿಬಿಟ್ಟಿದ್ದರು. 1957ರ ಜನಗಣತಿಯಲ್ಲಿ ಮಲಯದ ಭಾರತೀಯರು ಸುಮಾರು 7 ಲಕ್ಷ, ಅಂದರೆ ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ 11ರಷ್ಟು.

ತಿರುಜ್ಞಾನ ಸಂಬಂಧನ್ ಅವರು 1919ನೆಯ ಇಸವಿ ಜೂನ್ 16ರಂದು ಪೇರಾಕ್ ಸೀಮೆಯ ಸುಂಗೈ ಸಿಪುತ್ ಎಂಬ ಊರಿನಲ್ಲಿ ಜನಿಸಿದರು. ಶೈವ ನಾಯನಾರರಲ್ಲೊಬ್ಬರ ಹೆಸರನ್ನು ಹೊತ್ತ ಈ ಬಾಲಕನ ತಂದೆ ವೀರಸ್ವಾಮಿಯವರು ಮಲಯಕ್ಕೆ ಬಂದು ಸ್ವಂತ ದುಡಿಮೆಯಿಂದ ರಬ್ಬರ್ ತೋಟಗಳ ಒಡೆಯರಾದವರು. ಹೀಗೆ ಸಂಬಂಧನ್ ಅವರು ಹುಟ್ಟಿದುದು ಕೂಲಿಯ ಸಾಲುಮನೆಯಲ್ಲಲ್ಲ, ಒಡೆಯನ ಮನೆಯಲ್ಲಿ. ಕ್ವಾಲ ಕಂಗ್ಸಾರಿನ ಕ್ಲಿಫರ್ಡ್ ಶಾಲೆಯಲ್ಲಿ ಓದಿ, ಮುಂದಿನ ವಿದ್ಯಾಭ್ಯಾಸಕ್ಕೆ ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾನಿಲಯವನ್ನು ಸೇರಿ, ಬಿ. ಎ. ಪದವಿಯನ್ನು ಪಡೆದರು. ಅಲ್ಲಿ ಅವರಿಗೆ ಪದವಿಗಿಂತ ಮಿಗಿಲಾದ ಲಾಭವಾಯಿತು. ಸ್ವಾತಂತ್ರ್ಯದ ಚಳವಳಿಯು ವಿದ್ಯಾರ್ಥಿಗಳ ರಕ್ತವನ್ನು ಕಾಯಿಸುತ್ತಿದ್ದ ಕಾಲವದು. ಗಾಂಧೀಜಿಯವರ ಮಾರ್ಗವು ತರುಣನ ಮನಸ್ಸಿನಲ್ಲಿ ನೆಲೆಯೂರಿತು.

ಊರಿಗೆ ಮರಳಿದಾಗ ಮಲಯವು ಯುದ್ಧದಿಂದ ಜರ್ಜರಿತವಾಗಿದ್ದಿತು. ಜಪಾನೀಯರ ಆಳಿಕೆಯಲ್ಲಿ ಸಯಾಂ-ಬರ್ಮಾ ರೈಲು ದಾರಿಯ ಕೆಲಸಕ್ಕೆ ಒಯ್ದ ತೋಟದ ಕೂಲಿಗಳಲ್ಲಿ ಹತ್ತಾರು ಸಾವಿರ ಮಂದಿ ಹಿಂದಿರುಗಿ ಬರಲಿಲ್ಲ. 1948ರ ಜೂನಿನಲ್ಲಿ ಸುಂಗೈ ಸಿಪುತ್ ಬಳಿಯಲ್ಲಿಯೇ ಕಮ್ಯೂನಿಸ್ಟ್ ಬಂಡುಗಾರರು ಮೂವರು ಯುರೋಪಿಯನ್ ತೋಟದ ಅಧಿಕಾರಿಗಳನ್ನು ಕೊಂದು, ಹನ್ನೆರಡು ವರ್ಷ ನಡೆದ ತುರ್ತು ಪರಿಸ್ಥಿತಿಗೆ ಕಾರಣರಾದರು. ಅತ್ತ ಬಂಡುಗಾರ, ಇತ್ತ ಸರಕಾರ, ನಡುವೆ ಕೂಲಿ. ಇಂತಹ ಊರಿನಲ್ಲಿ ಸಂಬಂಧನ್ ಅವರು ಕೈಗೊಂಡ ಮುಖ್ಯ ಕಾರ್ಯಗಳಲ್ಲೊಂದು ಶಾಲೆಯ ಸ್ಥಾಪನೆ. 1954ರಲ್ಲಿ ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಅವರು ಕಟ್ಟಿಸಿದ ತಮಿಳು ಶಾಲೆಯನ್ನು ಶ್ರೀಮತಿ ವಿಜಯಲಕ್ಷ್ಮೀ ಪಂಡಿತರು ತೆರೆದರು.

ಅಷ್ಟರಲ್ಲಿ ಅವರು ಮಲಯ ಇಂಡಿಯನ್ ಕಾಂಗ್ರೆಸ್ಸಿನ ಪೇರಾಕ್ ಶಾಖೆಯ ಮುಂದಾಳಾಗಿದ್ದರು. ಈ ಸಂಸ್ಥೆಯು 1946ರಲ್ಲಿ ಜಾನ್ ತಿವಿಯವರ ಅಧ್ಯಕ್ಷತೆಯಲ್ಲಿ ಹುಟ್ಟಿದ್ದು. ಮೊದಲ ವರ್ಷಗಳಲ್ಲಿ ಅದು ಇಂಗ್ಲಿಷ್ ಕಲಿತ ಪಟ್ಟಣವಾಸಿಗಳ ಕೂಟವಾಗಿದ್ದು, ತೋಟದ ಕೂಲಿಗೂ ಅದಕ್ಕೂ ಬಳಕೆ ಕಡಮೆ. 1955ರಲ್ಲಿ ಅದರ ಅಧ್ಯಕ್ಷಪದವು ಸಂಬಂಧನ್ ಅವರಿಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಸಭೆಗಳಲ್ಲಿ ತಮಿಳು ನುಡಿಯು ಕೇಳಿಬಂದಿತು. ತೋಟಗಳಲ್ಲಿ ಶಾಖೆಗಳು ಹುಟ್ಟಿದುವು. ಸುಶಿಕ್ಷಿತರಲ್ಲಿ ಕೆಲವರು ಇದನ್ನು ಹಳೆಯ ಆಚಾರಗಳಿಗೆ ತಲೆಬಾಗಿದಂತೆಂದು ಆಕ್ಷೇಪಿಸಿದರು. ತಮಿಳರಲ್ಲದ ಭಾರತೀಯರಿಗೂ ಸ್ವಲ್ಪ ಅಸಮಾಧಾನವಾಯಿತು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಆದರೆ ಜನರ ಭಾಷೆಯನ್ನು ಬಿಟ್ಟು ಜನರ ಸಂಸ್ಥೆಯನ್ನು ಕಟ್ಟಲಾಗದೆಂಬುದೂ ಅಷ್ಟೇ ಸತ್ಯ.

ಅದೇ 1955ರಲ್ಲಿ ಮಲಯದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಟುಂಕು ಅಬ್ದುಲ್ ರಹಮಾನರ ನೇತೃತ್ವದಲ್ಲಿ ಮಲಯರ, ಚೀನೀಯರ ಮತ್ತು ಭಾರತೀಯರ ಮೂರು ಸಂಸ್ಥೆಗಳು ಕೂಡಿ ರಚಿಸಿಕೊಂಡಿದ್ದ ಮೈತ್ರಿಕೂಟವು 52 ಸ್ಥಾನಗಳಲ್ಲಿ 51ನ್ನು ಗೆದ್ದಿತು. ಭಾರತೀಯರ ಪಾಲಿಗೆ ಬಂದುವು ಎರಡೇ ಸ್ಥಾನ. ಅವುಗಳಲ್ಲೊಂದರಿಂದ ಸಂಬಂಧನ್ ಅವರು ಆಯ್ಕೆಯಾದರು. ಆ ಚುನಾವಣೆಯ ಮತದಾರರಲ್ಲಿ ನೂರಕ್ಕೆ 84ರಷ್ಟು ಮಂದಿ ಮಲಯರೇ ಆಗಿದ್ದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಭಾರತೀಯ ಮುಂದಾಳುವಿನ ಬಲವೆಲ್ಲವೂ ಮಿತ್ರರಿಂದ ಎರವಲಾಗಿ ಬಂದ ಬಲ. ಎರವಲು ತಂದ ಎತ್ತಿನಿಂದ ಹೊಲ ಉಳುವವನು ಅದನ್ನು ಹೊಡೆದು ಓಡಿಸಲಾರ. ಸಂಬಂಧನ್ ಅವರ ರಾಜಕೀಯದ ಗುಣವೂ ದೋಷವೂ ಈ ಒಂದು ಸಂಗತಿಯಿಂದಲೇ ಹುಟ್ಟಿದುವೆಂದು ನಮ್ಮ ಅಭಿಪ್ರಾಯ.

ಅವರು ಮೊದಲು ಕಾರ್ಮಿಕ ಖಾತೆಯ ಮಂತ್ರಿಗಳಾದರು. 1957ರಿಂದ ಆರೋಗ್ಯ ಖಾತೆ, 1959ರಿಂದ 1971ರವರೆಗೆ ಮರಾಮತ್ತು, ಅಂಚೆ ಮತ್ತು ತಂತಿ-ದೂರವಾಣಿ ಖಾತೆಗಳು ಅವರ ವಶದಲ್ಲಿದ್ದುವು. 1957ರ ಆಗಸ್ಟ್ 31ರಂದು ಮಲಯವು ಸ್ವತಂತ್ರವಾದಾಗ ಮಂತ್ರಿಮಂಡಲದಲ್ಲಿ ಭಾರತೀಯರ ಮುಖ್ಯ ಪ್ರತಿನಿಧಿಯಾಗಿದ್ದವರು ಅವರೇ. ರಾಜ್ಯಾಂಗದ ರಚನೆಯ ಕಾಲದಲ್ಲಿ ಮೂರು ಜನಾಂಗಗಳ ನಡುವೆ ಒಂದು ಒಡಂಬಡಿಕೆಯಾಯಿತು. ಮಲಯರಿಗೆ ವಿಶೇಷ ಸ್ಥಾನಮಾನ. ಅದಕ್ಕೆ ಪ್ರತಿಯಾಗಿ, ಸ್ವಾತಂತ್ರ್ಯದ ದಿನದಿಂದ ಆ ನೆಲದಲ್ಲಿ ಹುಟ್ಟಿದವರೆಲ್ಲರಿಗೂ ಪೌರತ್ವ, ಹಿಂದಿನಿಂದ ನೆಲಸಿದ್ದವರಿಗೆ ವಾಸಾವಧಿ ಮೊದಲಾದ ಷರತ್ತುಗಳ ಮೇಲೆ ಅರ್ಜಿಯ ಮೂಲಕ ಪೌರತ್ವ. ಪಟ್ಟಣದ ಓದುಬಲ್ಲವನಿಗೆ ಅರ್ಜಿಯೆಂಬುದು ಒಂದು ದಿನದ ಕೆಲಸ. ಜನ್ಮಪತ್ರವನ್ನೇ ಕಾಣದ ತೋಟದ ಕೂಲಿಗೆ ಅದು ದಾಟಲಾಗದ ಹೊಳೆ. ಹಾಗೆ ಹೊರಗುಳಿದವರು ಬಹುಮಂದಿ. ಅದರ ಫಲವನ್ನು ಅವರು ಹನ್ನೆರಡು ವರ್ಷಗಳ ಅನಂತರ ಉಂಡರು.

ಅದಕ್ಕೂ ಮೊದಲೇ ಬೇರೊಂದು ವಿಪತ್ತು ಬಂದೊದಗಿತು. ಸ್ವರಾಜ್ಯದಲ್ಲಿ ತಮ್ಮ ಬಂಡವಾಳ ಏನಾದೀತೋ ಎಂದು ಶಂಕಿಸಿದ ವಿದೇಶೀಯ ಕಂಪೆನಿಗಳಲ್ಲಿ ಹಲವು ತೋಟಗಳನ್ನು ಮಾರತೊಡಗಿದುವು. ದಲ್ಲಾಳಿಗಳು ಅವನ್ನು ಸಗಟಾಗಿ ಕೊಂಡು, ತುಂಡು ತುಂಡಾಗಿ ಕತ್ತರಿಸಿ, ಹತ್ತಿಪ್ಪತ್ತು ಎಕರೆಯಂತೆ ಬಿಡಿಯಾಗಿ ಮಾರಿದರು. ಸಣ್ಣ ಹಿಡುವಳಿದಾರನಿಗೆ ಖಾಯಂ ಕೂಲಿಗಳೇಕೆ? ಸಾಲುಮನೆಗಳು ಬರಿದಾದುವು, ಶಾಲೆ ಮುಚ್ಚಿತು, ಗುಡಿಯಲ್ಲಿ ದೀಪ ಹಚ್ಚುವವರಿಲ್ಲ. ಮೂರು ತಲೆಮಾರು ಬೆವರು ಸುರಿಸಿದ ಕುಟುಂಬಗಳು ಪಾತ್ರೆಪಗಡಿಗಳೊಡನೆ ಬೀದಿಗೆ ಬಂದುವು. ಸರಕಾರವು ಪ್ರಾಧ್ಯಾಪಕ ಉಂಗ್ಕು ಅಜೀಜರಿಂದ ಈ ವಿಷಯದ ವಿಚಾರಣೆಯನ್ನೂ ಮಾಡಿಸಿತು. ಆದರೆ ಮಾರಾಟದ ಹಾವಳಿ ನಿಲ್ಲಲಿಲ್ಲ.

ಇಲ್ಲಿಯೇ ಸಂಬಂಧನ್ ಅವರ ಹಿರಿಮೆ ಕಾಣುವುದು. ಮಾರುವವನ ಕೈಯನ್ನು ಹಿಡಿಯುವ ಶಕ್ತಿ ತಮ್ಮ ಪಕ್ಷಕ್ಕಿಲ್ಲವೆಂಬುದನ್ನು ಅರಿತು, ಕೊಳ್ಳುವವನು ಕೂಲಿಯೇ ಏಕಾಗಬಾರದೆಂದು ಅವರು ಯೋಚಿಸಿದರು. 1960ರಲ್ಲಿ ರಾಷ್ಟ್ರೀಯ ಭೂ ಹಣಕಾಸು ಸಹಕಾರ ಸಂಘವು ಸ್ಥಾಪಿತವಾಯಿತು. ಒಂದು ಪಾಲಿಗೆ 100 ಡಾಲರು. ಅದನ್ನು ತಿಂಗಳಿಗೆ 10 ಡಾಲರಿನಂತೆ ಕಂತಿನಲ್ಲಿ ಕೊಡಬಹುದು. ಹೀಗೆ ಕೂಡಿದ ಹಣದಿಂದ ತೋಟವನ್ನು ಇಡಿಯಾಗಿ ಕೊಂಡು, ತುಂಡರಿಸದೆ, ಅಲ್ಲಿಯ ಕೆಲಸಗಾರರನ್ನು ಬಿಡಿಸದೆ ನಡೆಸುವುದು. ವೆಚ್ಚ ಕಳೆದು ಉಳಿದ ಆದಾಯದಲ್ಲಿ ಪಾಲುದಾರರಿಗೆ ಲಾಭಾಂಶವನ್ನು ಕೊಡುವುದು. ಯೋಜನೆಯು ಸರಳವೇ, ಕಠಿನವಾದುದು ನಂಬಿಕೆಯನ್ನು ಗಳಿಸುವ ಕೆಲಸ. ಕಂಗಾಣಿಯಿಂದಲೂ ಲೇವಾದೇವಿಗಾರನಿಂದಲೂ ವಂಚಿತನಾದ ಕೂಲಿ, ದಿನಗೂಲಿಯಲ್ಲಿ ಉಳಿಸಿದ ಹಣವನ್ನು ಇನ್ನೊಬ್ಬರ ಕೈಗೆ ಹೇಗೆ ಇತ್ತಾನು? ಮಂತ್ರಿಗಳು ತಾವೇ ತೋಟದಿಂದ ತೋಟಕ್ಕೆ ಸಂಚರಿಸಿ, ತಮಿಳಿನಲ್ಲಿ ತಿಳಿಯಹೇಳಿ ಪಾಲುಗಳನ್ನು ಕೂಡಿಸಿದರು. ಧರ್ಮಪತ್ನಿ ಶ್ರೀಮತಿ ಉಮಾ ಅವರೂ ಈ ಕಾರ್ಯದಲ್ಲಿ ಕೈಗೂಡಿಸಿದರು.

1961ರಲ್ಲಿ ಕೆಡಾ ಸೀಮೆಯ ಬುಕಿತ್ ಸಿದಿಮ್ ಎಂಬ, ಸುಮಾರು 3,000 ಎಕರೆಯ ತೋಟವು ಸಂಘದ ವಶವಾಯಿತು. ನಿನ್ನೆ ಸಾಹೇಬನ ಮುಂದೆ ತಲೆಬಾಗಿ ನಿಂತವನು ಇಂದು ಅದೇ ತೋಟದ ಪಾಲುದಾರ. ಇದರ ಅರ್ಥವನ್ನು ಲೆಕ್ಕದ ಪುಸ್ತಕದಿಂದ ಮಾತ್ರ ತಿಳಿಯುವಂತಿಲ್ಲ. ಬಳಿಕ ಒಂದೊಂದಾಗಿ ಹಲವು ತೋಟಗಳು ಸಂಘಕ್ಕೆ ಸೇರಿ, ಸದಸ್ಯರ ಸಂಖ್ಯೆ ಹತ್ತಾರು ಸಾವಿರಕ್ಕೇರಿತು. ಕತ್ತರಿಸಲ್ಪಟ್ಟ ತೋಟಗಳೆಲ್ಲವನ್ನೂ ಸಂಘವು ಉಳಿಸಿಕೊಂಡಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು, ಕೈತಪ್ಪಿದುವೇ ಹೆಚ್ಚು. ಆದರೆ ಒಡೆತನವೆಂಬುದು ಬಡವನ ಹಣೆಯಲ್ಲಿ ಬರೆದಿಲ್ಲವೆಂಬ ಹಳೆಯ ನಂಬಿಕೆಗೆ ಅಲ್ಲಿ ಪೆಟ್ಟು ಬಿದ್ದಿತು.

1963ರಲ್ಲಿ ಮಲಯವು ಮಲೇಶಿಯಾ ಆಯಿತು. 1967ರಲ್ಲಿ ಸಂಬಂಧನ್ ಅವರಿಗೆ ತುನ್ ಎಂಬ ಶ್ರೇಷ್ಠ ಬಿರುದು ಬಂದಿತು. ಆದರೆ ಮುಂದಿನ ವರ್ಷಗಳು ಬಿರುದಿನ ವರ್ಷಗಳಾಗಿರಲಿಲ್ಲ. 1969ರ ಮೇ 13ರಂದು ಕೌಲಾಲಂಪುರದಲ್ಲಿ ಜನಾಂಗೀಯ ಗಲಭೆಯೆದ್ದು, ಸರಕಾರದ ಲೆಕ್ಕದಂತೆಯೇ 196 ಮಂದಿ ಮಡಿದರು. ಸಂಸತ್ತು ಸ್ಥಗಿತವಾಗಿ, ತುನ್ ಅಬ್ದುಲ್ ರಜಾಕರ ಅಧ್ಯಕ್ಷತೆಯ ಕಾರ್ಯಾಚರಣ ಮಂಡಲಿಯ ಕೈಗೆ ಆಡಳಿತವು ಹೋಯಿತು. ಆ ಮಂಡಲಿಯಲ್ಲಿ ಸಂಬಂಧನ್ ಅವರೂ ಒಬ್ಬ ಸದಸ್ಯರು. ಅದೇ ಕಾಲದಲ್ಲಿ, ಪೌರರಲ್ಲದವರು ಪರವಾನಗಿಯಿಲ್ಲದೆ ಕೆಲಸ ಮಾಡಕೂಡದೆಂಬ ಕಾಯಿದೆಯು ಜಾರಿಗೆ ಬಂದಿತು. ಅರ್ಜಿಯ ಹೊಳೆಯನ್ನು ದಾಟಲಾಗದೆ ನಿಂತಿದ್ದ ತೋಟದ ಕೂಲಿಗಳಲ್ಲಿ ಹತ್ತಾರು ಸಾವಿರ ಮಂದಿ, ಹಲವರು ತಾವೆಂದೂ ಕಾಣದಿದ್ದ ಹಿಂದೂಸ್ಥಾನಕ್ಕೆ ಹಡಗು ಹತ್ತಿದರು. ಮಂತ್ರಿಮಂಡಲದಲ್ಲಿ ಕುಳಿತಿದ್ದ ತಮ್ಮ ಮುಂದಾಳು ಇದನ್ನು ತಡೆಯಲಿಲ್ಲವೇಕೆಂದು ಜನರು ಕೇಳಿದುದು ನ್ಯಾಯವೇ ಆಗಿದ್ದಿತು. ಎರವಲಿನ ಬಲದ ಮಿತಿಯು ಅಂದು ಬಯಲಾಯಿತು.

ಪಕ್ಷದೊಳಗೂ ನೆಮ್ಮದಿಯಿರಲಿಲ್ಲ. ಮಾಣಿಕ್ಯವಾಸಗಂ ಅವರ ಪಂಗಡಕ್ಕೂ ಅಧ್ಯಕ್ಷರಿಗೂ ವರ್ಷಗಟ್ಟಲೆ ತಿಕ್ಕಾಟ ನಡೆದು, ಕೊನೆಗೆ ಪ್ರಧಾನಮಂತ್ರಿ ರಜಾಕರೇ ಮಧ್ಯೆ ಬಂದರು. 1973ರ ಜೂನಿನಲ್ಲಿ ಸಂಬಂಧನ್ ಅವರು ಅಧ್ಯಕ್ಷಪದವನ್ನು ಬಿಟ್ಟುಕೊಟ್ಟರು. ಕಾಲಮಿತಿಯಿಲ್ಲದೆ ಅಧಿಕಾರದಲ್ಲಿ ಕುಳಿತು, ಎರಡನೆಯ ಸಾಲಿನವರಿಗೆ ಸಕಾಲದಲ್ಲಿ ದಾರಿ ಬಿಡದುದು ಅವರ ತಪ್ಪೆಂದೇ ಹೇಳಬೇಕು. 1972ರಿಂದ ವಹಿಸಿದ್ದ ರಾಷ್ಟ್ರೀಯ ಐಕ್ಯ ಖಾತೆಯನ್ನು 1974ರಲ್ಲಿ ಬಿಟ್ಟು, ಚುನಾವಣೆಯ ರಾಜಕೀಯದಿಂದ ನಿವೃತ್ತರಾಗಿ, ಬಳಿಕ ಕೆಲವು ವರ್ಷ ರಾಷ್ಟ್ರೀಯ ಐಕ್ಯ ಮಂಡಲಿಯ ಅಧ್ಯಕ್ಷರಾಗಿದ್ದರು. 1979ರ ಮೇ 18ರಂದು, ಅರುವತ್ತು ತುಂಬುವ ಮೊದಲೇ, ಹೃದ್ರೋಗದಿಂದ ಕಾಲವಾದರು. ತಂದೆಯಿಂದ ಬಂದ ಐಶ್ವರ್ಯದ ಬಹುಭಾಗವನ್ನು ಸಾರ್ವಜನಿಕ ಕಾರ್ಯದಲ್ಲಿಯೇ ಕರಗಿಸಿದರೆಂದು ಅವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಮಂತ್ರಿಗಿರಿಯಿಂದ ಸಿರಿವಂತರಾದವರ ಪಟ್ಟಿಯಲ್ಲಂತೂ ಅವರ ಹೆಸರಿಲ್ಲ.

ಹಾಗಾದರೆ ಇವರನ್ನು ಹೇಗೆ ತೂಗಬೇಕು? ಪೌರತ್ವದ ವಿಷಯದಲ್ಲಿ ಅವರು ಇನ್ನೂ ಗಟ್ಟಿಯಾಗಿ ನಿಲ್ಲಬಹುದಾಗಿತ್ತು. ಕೂಲಿಯ ಗುಡಿಸಲಿಗೇ ಅರ್ಜಿಯ ಕಾಗದವನ್ನು ಮುಟ್ಟಿಸುವ ಕೆಲಸವನ್ನು, ಪಾಲುಹಣವನ್ನು ಕೂಡಿಸಿದಷ್ಟೇ ಹಟದಿಂದ ಮಾಡಬಹುದಾಗಿತ್ತು. ಈ ಮಾತನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅವರಿಗಿಂತ ದೊಡ್ಡ ದನಿಯಲ್ಲಿ ಕೂಗಿದವರು ಬಿಟ್ಟುಹೋದದ್ದೇನು ಎಂಬುದನ್ನೂ ಕೇಳಬೇಕು. ಒಡಂಬಡಿಕೆಗಳು ಬದಲಾದುವು, ಖಾತೆಗಳು ಕೈಯಿಂದ ಕೈಗೆ ಹೋದುವು, ಪಕ್ಷದ ಪಂಗಡಗಳು ಎದ್ದು ಅಳಿದುವು. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಪ್ರದೇಶದಲ್ಲಿ ಒಂದು ದೊಡ್ಡ ಬೀದಿಗೆ ಅವರ ಹೆಸರಿದೆ. ಬೀದಿಗೆ ಹೆಸರಿಡುವುದು ಯಾವ ಸರಕಾರಕ್ಕೂ ಕಷ್ಟವಲ್ಲ. ತಿಂಗಳಿಗೆ 10 ಡಾಲರಿನಂತೆ ಕೂಲಿಗಳು ಕಟ್ಟಿದ ಸಹಕಾರ ಸಂಘವು ಮಾತ್ರ ಸ್ಥಾಪಕರು ಗತಿಸಿ ನಾಲ್ಕು ದಶಕಗಳು ಮೀರಿದರೂ ಬಾಳಿಕೊಂಡುಬಂದಿದೆ. ಮುಂದಾಳುವು ಗೆದ್ದ ಸ್ಥಾನಗಳನ್ನು ಚರಿತ್ರೆಯು ಎಣಿಸಿಕೊಳ್ಳಲಿ. ಅವನು ಹೋದ ಮೇಲೆ ಅವನ ಜನರ ಕೈಯಲ್ಲಿ ಅವರದೇ ಎನ್ನುವಂತಹುದು ಏನು ಉಳಿಯಿತು ಎಂಬ ಪ್ರಶ್ನೆಗೆ ಸಂಬಂಧನ್ ಅವರು ಕೊಟ್ಟಷ್ಟು ಸ್ಪಷ್ಟವಾದ ಉತ್ತರವನ್ನು ಕೊಡಬಲ್ಲ ಮಂತ್ರಿಗಳು ಎಲ್ಲ ದೇಶಗಳಲ್ಲಿಯೂ ವಿರಳ.