ಸ್ಫೋಟಕ್ಕೆ ಲೆಕ್ಕ ಬರೆದ ಗಣಿತಜ್ಞ ಜಾನ್ ವಾನ್ ನ್ಯೂಮನ್

ದೇಹೂ ರೋಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ಮದ್ದುಗುಂಡಿನ ಡಿಪೋದ ಬೇಲಿಯೇನೂ ಹೊಸತಲ್ಲ. ಲೋಕಲ್ ಗಾಡಿಯಿಂದಿಳಿದು ಮನೆಯ ದಾರಿ ಹಿಡಿದಾಗ ಆ ಮುಳ್ಳುತಂತಿಯನ್ನು ದಿನವೂ ನೋಡುತ್ತೇವೆ. ನೋಡಿ ನೋಡಿ ಈಗ ಅದು ಕಣ್ಣಿಗೆ ಬೀಳುವುದೂ ನಿಂತಿದೆ. ಕಳೆದ ದೀಪಾವಳಿಯಲ್ಲಿ ನಮ್ಮ ಮನೆಯ ಹುಡುಗ ಪಟಾಕಿ ಸಿಡಿಸುತ್ತ, ಇದು ಸಿಡಿಯುವುದಕ್ಕೂ ಒಳಗೆ ಇಟ್ಟಿರುವ ಬಾಂಬು ಸಿಡಿಯುವುದಕ್ಕೂ ಏನು ಭೇದವೆಂದು ಕೇಳಿದ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ಉತ್ತರ ಹೊಳೆಯಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ದೊರೆತದ್ದು ಈ ಮಹಾಶಯರ ಚರಿತ್ರೆ.

ಜಾನ್ ವಾನ್ ನ್ಯೂಮನ್‌ರು ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ನಗರದಲ್ಲಿ, ಅನುಕೂಲಸ್ಥ ಯೆಹೂದಿ ಮನೆತನದಲ್ಲಿ. ತಂದೆ ಬ್ಯಾಂಕಿನವರು. ಇದನ್ನು ಓದಿದಾಗ ನಮಗೆ ಒಳಗೊಳಗೇ ಹಿಗ್ಗಾಯಿತೆಂದು ಒಪ್ಪಿಕೊಳ್ಳಬೇಕು! ಮಗು ಆರು ವರ್ಷಕ್ಕೇ ಎಂಟು ಅಂಕಿಗಳ ಸಂಖ್ಯೆಯನ್ನು ಎಂಟು ಅಂಕಿಗಳ ಸಂಖ್ಯೆಯಿಂದ ಬಾಯಲ್ಲೇ ಭಾಗಿಸುತ್ತಿತ್ತಂತೆ. ಹುಡುಗನಿಗೆ ಗಣಿತದ ಹುಚ್ಚು. ತಂದೆಗೆ ಗಣಿತದಿಂದ ಹೊಟ್ಟೆ ತುಂಬೀತೇ ಎಂಬ ಚಿಂತೆ. ಕೊನೆಗೆ ರಾಜಿಯಾಯಿತು: ಹೊಟ್ಟೆಪಾಡಿಗೆ ಜ್ಯೂರಿಕ್‌ನಲ್ಲಿ ರಸಾಯನ ಎಂಜಿನಿಯರಿಂಗ್, ಮನಸ್ಸಿನ ತೃಪ್ತಿಗೆ ಬುಡಾಪೆಸ್ಟ್‌ನಲ್ಲಿ ಗಣಿತ. 1926ರಲ್ಲಿ ಎರಡೂ ಪದವಿಗಳು ಕೈಸೇರಿದವು. ನಮ್ಮಲ್ಲಿಯೂ ಎಷ್ಟೋ ಮಂದಿ ತಂದೆಯ ಇಂಥದೇ ಮಾತಿಗೆ ತಲೆಬಾಗಿ ಕಾಮರ್ಸ್ ಹಿಡಿದವರಿದ್ದೇವೆ. ಎರಡನೆಯ ಪದವಿ ಮಾತ್ರ ಬರಲಿಲ್ಲ.

1930ರಲ್ಲಿ ಅವರು ಅಮೆರಿಕದ ಪ್ರಿನ್ಸ್‌ಟನ್ನಿಗೆ ಬಂದರು. 1933ರಲ್ಲಿ ಅಲ್ಲಿಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅತ್ತ ಯೂರೋಪಿನಲ್ಲಿ ಹಿಟ್ಲರನ ಆಳ್ವಿಕೆ ಬೇರೂರಿತು. ಹಿಂತಿರುಗುವ ಊರು ಅವರ ಪಾಲಿಗೆ ಉಳಿಯಲಿಲ್ಲ. 1937ರಲ್ಲಿ ಅಮೆರಿಕದ ಪ್ರಜೆಯಾದರು. ಅಲ್ಲಿಯ ಮೀಸಲು ಸೈನ್ಯದಲ್ಲಿ ಅಧಿಕಾರಿಯಾಗಬಯಸಿ ಪರೀಕ್ಷೆಗಳಲ್ಲಿ ತೇರ್ಗಡೆಯಾದರೂ ವಯಸ್ಸು ಮೀರಿತೆಂದು ಸೈನ್ಯ ಅವರನ್ನು ಕೈಬಿಟ್ಟಿತು. ಆದರೆ ಅಬರ್ಡೀನಿನ ತೋಪುವಿದ್ಯೆಯ ಪ್ರಯೋಗಶಾಲೆ ಅವರನ್ನು ಸಲಹೆಗಾರರನ್ನಾಗಿ ಕರೆಸಿಕೊಂಡಿತು. ತಂದೆಯ ಒತ್ತಾಯಕ್ಕೆ ಕಲಿತ ರಸಾಯನ ಈಗ ಕೆಲಸಕ್ಕೆ ಬಂತು.

ಇಲ್ಲಿ ವಾಚಕರು ತುಸು ತಾಳ್ಮೆ ವಹಿಸಬೇಕು. ಮದ್ದು ಉರಿಯುವುದು ಎರಡು ಬಗೆ. ಶ್ರೀರಂಗಪಟ್ಟಣದ ಹೈದರ್ ಮತ್ತು ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳಲ್ಲಿ ಉರಿಯುತ್ತಿದ್ದುದು ಕರಿಮದ್ದು. ಅಲ್ಲಿ ಬೆಂಕಿ ಕಾವಿನ ಮೂಲಕ ಕಣದಿಂದ ಕಣಕ್ಕೆ ದಾಟುತ್ತದೆ. ಪಟಾಕಿಯದೂ ಇದೇ ಜಾತಿ. ಆದರೆ ಟಿ.ಎನ್.ಟಿ.ಯಂಥ ಮದ್ದಿನಲ್ಲಿ ಉರಿ ಸೆಕೆಂಡಿಗೆ ಏಳು ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 340 ಮೀಟರು ಹೋಗುತ್ತದೆಂಬುದನ್ನು ನೆನೆದರೆ ಈ ವೇಗದ ಅಂದಾಜು ಸಿಕ್ಕೀತು. ಇಲ್ಲಿ ದಾಟಿಸುವುದು ಕಾವಲ್ಲ, ಪೆಟ್ಟು. ಮುಂದಿನ ಪದರನ್ನು ಅಲೆಯೊಂದು ಗುದ್ದಿ ಅದುಮುತ್ತದೆ. ಅದುಮಿದ ಬಿಸಿಗೆ ಪದರು ಹೊತ್ತಿಕೊಳ್ಳುತ್ತದೆ. ಹೊತ್ತಿದ್ದು ಅಲೆಯನ್ನು ಮತ್ತೆ ಮುಂದೆ ತಳ್ಳುತ್ತದೆ. ಇದಕ್ಕೆ ಡಿಟೊನೇಷನ್ ಎಂದು ಹೆಸರು. 1881ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ಅನಿಲ ತುಂಬಿದ ಕೊಳವೆಗಳಲ್ಲಿ ಕಂಡರು.

ಇದರ ಲೆಕ್ಕವನ್ನು ಇಂಗ್ಲೆಂಡಿನ ಚಾಪ್‌ಮನ್ 1899ರಲ್ಲಿಯೂ ಫ್ರಾನ್ಸಿನ ಜೂಗೆ ಆಮೇಲೆಯೂ ಬರೆದರು. ಅದು ನಮ್ಮ ಖಾತೆಪುಸ್ತಕದ ಕ್ರಮವೇ. ಅಲೆಯ ಮುಂದೆ ಇದ್ದ ವಸ್ತು, ನೂಕು, ಶಕ್ತಿ — ಈ ಮೂರೂ ಅಲೆ ದಾಟಿದ ಮೇಲಿನ ಮೊತ್ತಕ್ಕೆ ತಾಳೆಯಾಗಬೇಕು. ತೊಡಕೆಂದರೆ, ಒಂದಲ್ಲ, ಬೇಕಾದಷ್ಟು ವೇಗಗಳಿಗೆ ಲೆಕ್ಕ ತಾಳೆಯಾಗುತ್ತದೆ! ಅವುಗಳಲ್ಲಿ ಅತ್ಯಂತ ಕಡಿಮೆಯದನ್ನು ಆರಿಸಿದರೆ ಪ್ರಯೋಗಕ್ಕೆ ಹೊಂದುತ್ತದೆಂದು ಚಾಪ್‌ಮನ್ ತೋರಿಸಿದರು. ಏಕೆ ಅದೇ ಎಂಬುದಕ್ಕೆ ತೃಪ್ತಿಕರ ಉತ್ತರವಿರಲಿಲ್ಲ. ಜಮಾ ಖರ್ಚು ಸರಿಯಾದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ಹಣವಿದೆಯೆಂದು ಯಾವ ಕ್ಯಾಷಿಯರೂ ನಂಬುವುದಿಲ್ಲವಷ್ಟೆ.

ವಾನ್ ನ್ಯೂಮನ್‌ರು 1942ರಲ್ಲಿ ಸರ್ಕಾರಕ್ಕೆ ಬರೆದುಕೊಟ್ಟ ವರದಿಯಲ್ಲಿ ಪೆಟ್ಟಿಗೆಯ ಬಾಗಿಲನ್ನೇ ತೆಗೆದು ನೋಡಿದರು. ಆರಂಭ ಮತ್ತು ಅಂತ್ಯದ ಶಿಲ್ಕನ್ನಷ್ಟೇ ಅಲ್ಲ, ನಡುವಣ ಒಂದೊಂದು ಕಲಮನ್ನೂ ಪರಿಶೀಲಿಸಬೇಕೆಂಬುದು ಅವರ ಹಟ. ಮದ್ದು ಕಾಲು ಭಾಗ ಉರಿದಾಗ, ಅರ್ಧ ಉರಿದಾಗ, ಮುಕ್ಕಾಲು ಉರಿದಾಗ, ಪ್ರತಿಯೊಂದು ಹಂತದಲ್ಲಿಯೂ ಆ ಮೂರು ಲೆಕ್ಕಗಳು ಕೂಡಿಬರಬೇಕು. ಮೊದಲಿನಿಂದ ಕೊನೆಯವರೆಗೆ ಕಡಿಯದ ದಾರಿಯೊಂದಿರಬೇಕು. ಮೊದಲು ಉರಿಯಿಲ್ಲದ ಬರಿಯ ಪೆಟ್ಟು, ಅದರಲ್ಲಿ ಒತ್ತಡ ಗೋಪುರದಂತೆ ಏರುತ್ತದೆ. ಅನಂತರ ಉರಿ, ಉರಿಯುತ್ತ ಉರಿಯುತ್ತ ಒತ್ತಡ ಇಳಿಯುತ್ತದೆ. ಹೀಗೆ ನಡೆದರೆ ಲೆಕ್ಕಕ್ಕೆ ಮಾತ್ರ ಸರಿಬೀಳುವ ಹಲವು ವೇಗಗಳಿಗೆ ದಾರಿಯೇ ಇಲ್ಲವೆಂದು ತಿಳಿಯುತ್ತದೆ. ಸಾಧಾರಣ ಮದ್ದುಗಳಿಗೆ ಚಾಪ್‌ಮನ್‌ರ ನಿಯಮ ಸರಿ, ಕೆಲವು ವಿಚಿತ್ರ ಮದ್ದುಗಳಿಗೆ ವೇಗ ಅದಕ್ಕಿಂತ ಹೆಚ್ಚು ಎಂಬುದನ್ನೂ ಅವರೇ ಕಂಡುಕೊಂಡರು. ರಷ್ಯದ ಝೆಲ್ಡೊವಿಚ್ 1940ರಲ್ಲಿ, ಜರ್ಮನಿಯ ಡ್ಯೋರಿಂಗ್ 1943ರಲ್ಲಿ ಸ್ವತಂತ್ರವಾಗಿ ಇದೇ ಚಿತ್ರಕ್ಕೆ ಬಂದರು. ಮಹಾಯುದ್ಧದ ಆ ವರ್ಷಗಳಲ್ಲಿ ಮೂವರೂ ಪರಸ್ಪರರ ಅರಿವಿಲ್ಲದೆ ಒಂದೇ ಪುಟ ಬರೆದದ್ದು ಸೋಜಿಗವೇ ಸರಿ. ಇಂದಿಗೂ ಆ ಸಿದ್ಧಾಂತಕ್ಕೆ ಮೂವರ ಹೆಸರೂ ಇದೆ.

ಆದರೂ ಗಣಿತಜ್ಞರಿಗೆ ಸಮಾಧಾನವಾಗಲಿಲ್ಲ. ಅನಿಲಕ್ಕೆ ಜಿಗುಟುತನವುಂಟು, ಕಾವು ಹರಿಯುವ ಗುಣವುಂಟು. ಅವನ್ನೆಲ್ಲ ಸೇರಿಸಿದ ಸಮೀಕರಣಗಳಲ್ಲಿ ಇಂಥ ಅಲೆ ನಿಜಕ್ಕೂ ಇದೆಯೆಂದು ಸಾಧಿಸಿ ತೋರಿಸಬೇಕಲ್ಲ! ರಾಬರ್ಟ್ ಗಾರ್ಡ್ನರ್ ಎಂಬವರು ಅಂಥ ಸಾಧನೆಯನ್ನು ಪ್ರಕಟಿಸಿದ್ದು 1983ರಲ್ಲಿ. ಡಿಪೋಗಳು ಸಿಡಿದದ್ದನ್ನು ಕಣ್ಣಾರೆ ಕಂಡವರಿಗೆ ಅಲೆ ಇದೆಯೆಂಬುದಕ್ಕೆ ಸಾಧನೆ ಏಕೆ ಬೇಕೆಂದು ಅನಿಸಬಹುದು, ನಮಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಸಾಧಿಸಬೇಕಾಗಿದ್ದುದು ಸ್ಫೋಟವನ್ನಲ್ಲ, ನಾವು ಬರೆದ ಲೆಕ್ಕದೊಳಗೆ ಆ ಸ್ಫೋಟ ಇದೆಯೇ ಎಂಬುದನ್ನು. ಗೋದಾಮುಗಳ ನಡುವೆ ಎಷ್ಟು ಅಂತರವಿರಬೇಕು, ಯಾವ ಗೋಡೆ ತಡೆದೀತು ಎಂಬುದನ್ನು ಕಾಗದದ ಮೇಲೆ ನಿರ್ಧರಿಸುವವರಿಗೆ ಆ ಭೇದ ಸಣ್ಣದಲ್ಲ.

ಇನ್ನು ಕಥೆಯ ಕಹಿ ಭಾಗ. 1943ರ ಸೆಪ್ಟೆಂಬರಿನಲ್ಲಿ ಅವರು ಲಾಸ್ ಅಲಮೋಸ್‌ಗೆ ಹೋದರು. ಪ್ಲುಟೋನಿಯಂ ಗೋಲವನ್ನು ಎಲ್ಲ ಕಡೆಯಿಂದ ಏಕಕಾಲಕ್ಕೆ ಅದುಮಬೇಕಿತ್ತು. ಒಂದು ಬೇಗ, ಇನ್ನೊಂದು ನಿಧಾನವಾಗಿ ಸಿಡಿಯುವ ಎರಡು ಮದ್ದುಗಳನ್ನು ಜೋಡಿಸಿ, ಮಸೂರ ಬೆಳಕನ್ನು ಬಾಗಿಸುವಂತೆ ಸ್ಫೋಟದ ಅಲೆಯನ್ನೇ ಬಾಗಿಸಿ ಒಳಮುಖವಾಗಿ ತಿರುಗಿಸುವ ಉಪಾಯಕ್ಕೆ ಅವರ ಲೆಕ್ಕ ಆಧಾರವಾಯಿತು. 1945ರ ಜುಲೈ 16ರಂದು ಮರಳುಗಾಡಿನಲ್ಲಿ ಪರೀಕ್ಷೆ. ಆಗಸ್ಟ್ 9ರಂದು ನಾಗಸಾಕಿ. ಆ ವರ್ಷದ ಕೊನೆಯೊಳಗೆ ಅಲ್ಲಿ ಸತ್ತವರು ಸುಮಾರು 70 ಸಾವಿರವೆಂದು ಅಂದಾಜು. ಯಾವ ಊರಿನ ಮೇಲೆ ಹಾಕಬೇಕೆಂದು ಸೂಚಿಸುವ ಸಮಿತಿಯಲ್ಲಿಯೂ ಅವರಿದ್ದರು; ದೇವಾಲಯಗಳ ಊರಾದ ಕ್ಯೋಟೋವನ್ನು ಅವರು ಬಯಸಿದ್ದರು, ಯುದ್ಧಮಂತ್ರಿ ಸ್ಟಿಮ್ಸನ್ ಒಪ್ಪಲಿಲ್ಲ. ದೊಡ್ಡವರ ಚರಿತ್ರೆ ಬರೆಯುವಾಗ ಇಂಥ ಸಂಗತಿಯನ್ನು ಬಿಟ್ಟುಬಿಡುವ ವಾಡಿಕೆಯುಂಟು. ನಮಗೆ ಅದು ಸರಿತೋರಲಿಲ್ಲ.

1944ರ ಬೇಸಗೆಯಲ್ಲಿ ಅಬರ್ಡೀನ್ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದಾಗ ಗೋಲ್ಡ್‌ಸ್ಟೈನ್ ಎಂಬ ಯುವ ಸೈನ್ಯಾಧಿಕಾರಿ ಅವರನ್ನು ಮಾತಾಡಿಸಿದರು. ಫಿಲಡೆಲ್ಫಿಯದಲ್ಲಿ ಸಾವಿರಾರು ಕವಾಟಗಳ ಗಣಕಯಂತ್ರವೊಂದು ಸಿದ್ಧವಾಗುತ್ತಿರುವ ಸುದ್ದಿ ಅವರಿಗೆ ತಿಳಿದದ್ದು ಆಗಲೇ. ಆಘಾತದ ಅಲೆಗಳ ಲೆಕ್ಕ ಕೈಯಿಂದ ಮುಗಿಯದೆಂದು ಬಲ್ಲ ಅವರು ಆ ಯಂತ್ರದ ಬೆನ್ನು ಹತ್ತಿದರು. ಆದೇಶಗಳನ್ನೂ ಅಂಕಿಗಳನ್ನೂ ಒಂದೇ ನೆನಪಿನಲ್ಲಿ ಇಡುವ ವಿನ್ಯಾಸವನ್ನು 1945ರಲ್ಲಿ ಬರೆದರು. ಬ್ಯಾಂಕಿನಲ್ಲಿ ನಾವು ದಿನವೂ ಕುಟ್ಟುವ ಕಂಪ್ಯೂಟರಿನ ವಂಶವೃಕ್ಷದ ಬೇರು ಅಲ್ಲಿದೆ. ದೇಹೂ ರೋಡ್ ನಿಲ್ದಾಣದಲ್ಲಿ ಗಾಡಿ ತಡವಾದಾಗಲೆಲ್ಲ ನಮಗೆ ಅದರ ನೆನಪಾಗುತ್ತದೆ.

ಸ್ವಭಾವದಿಂದ ಅವರು ಹಾಸ್ಯಪ್ರಿಯರು, ಔತಣಕೂಟಗಳೆಂದರೆ ಪ್ರಾಣ. ಮೋಟಾರು ನಡೆಸುವುದರಲ್ಲಿ ಮಾತ್ರ ಎಡವಟ್ಟು, ಅಪಘಾತಗಳು ಒಂದೆರಡಲ್ಲ. 1955ರಲ್ಲಿ ಅಣುಶಕ್ತಿ ಆಯೋಗದ ಸದಸ್ಯರಾದರು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯಿತು. ಇತ್ತ 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾಗಿ ಹಬ್ಬ ಮಾಡುತ್ತಿದ್ದಾಗ ಅವರು ವಾಷಿಂಗ್ಟನ್ನಿನ ಸೈನಿಕ ಆಸ್ಪತ್ರೆಯಲ್ಲಿದ್ದರು. ಕೊನೆಕೊನೆಗೆ ಮಗಳು ಮರೀನಾಳನ್ನು ಕರೆದು ಚಿಕ್ಕ ಸಂಖ್ಯೆಗಳನ್ನು ಹೇಳಿಸಿ, ಕೂಡಿಸಲು ತಮಗೆ ಬರುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದರಂತೆ. ಕಂಡು ಸಹಿಸಲಾರದೆ ಮಗಳು ಕೋಣೆಯಿಂದ ಹೊರಗೆ ಹೋದಳು. 1957ರ ಫೆಬ್ರವರಿ 8ರಂದು, 53ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಮಾಧಿ ಪ್ರಿನ್ಸ್‌ಟನ್ನಿನಲ್ಲಿದೆ.